ಬಾವಿಮನೆ ಹುರುಳಿಗೊಂದು ಅಡಿಟಿಪ್ಪಣಿ

ಪಂಚನಹಳ್ಳಿಯ ನನ್ನ ಸೋದರತ್ತೆಗೆ ಬಾವಿಮನೆಯವರನ್ನು ಕಂಡರಾಗದು. ಬೋರ್‌ವೆಲ್ ಪೈಪು ಯಾರ ಬದುವಿನ ಮೇಲೆ ಹೋಗಬೇಕು ಎಂದು ಶುರುವಾದ ಜಗಳ ಇನ್ನೂ ಮುಗಿದಿಲ್ಲ. ಆದರೆ ಹುರುಳಿ ಸಾರು ಚೆನ್ನಾಗಿದೆ ಎಂದು ಯಾರಾದರೂ ಹೇಳಿದರೆ ಸಾಕು, "ಬಾವಿಮನೆ ಹುರುಳಿ ಕಣೇ, ಚೆನ್ನಾಗಿಲ್ದೆ ಇನ್ನೇನು" ಎನ್ನುತ್ತಾಳೆ. ಆ ಬೀಜ ಅವಳ ಅತ್ತೆಯ ಕಾಲದಲ್ಲಿ ಆ ಮನೆಯಿಂದ ಬಂದದ್ದು. ಬೀಜ ಯಾವ ಮನೆಯದೋ ಆ ಮನೆಯ ಹೆಸರಿನಲ್ಲೇ ಕರೆಯುವುದು ಅವಳ ಕೇರಿಯ ಹೆಂಗಸರ ರೂಢಿ. ಅಂಗಡಿಮನೆ ಅವರೆ, ಮೇಲ್ಕೇರಿ ಅಲಸಂದೆ. ಮಾತು ಬಿಟ್ಟವರ ಹೆಸರನ್ನೂ ಬಿಡುವಂತಿಲ್ಲ.

ಇದನ್ನೇ ನಾನು ಎಂ.ಫಿಲ್. ಪ್ರಬಂಧವಾಗಿ ಬರೆದೆ. ಅತ್ತೆ ಬೂದಿ ಬೆರೆಸಿ ಬೀಜ ಇಟ್ಟಿದ್ದ ಮಡಕೆಗಳನ್ನು ಒಂದೊಂದಾಗಿ ತೋರಿಸುತ್ತ ಹೇಳಿದಳು, ನಾನು ಬರೆದುಕೊಂಡೆ. "ನನ್ ಹೆಸ್ರು ಹಾಕ್ತೀಯೇನೇ?" ಎಂದು ಕೇಳಿದಳು. ಹಾಕುತ್ತೇನೆ ಎಂದೆ, ಹಾಕಿದೆ. ಆ ಪ್ರಬಂಧ ವಿಭಾಗದ ಬೀರು ಸೇರಿತು. ಬೀರುವಿನ ಕೀಲಿ ನನ್ನ ಮಾರ್ಗದರ್ಶಕರ ಬಳಿ ಇತ್ತು.

ಅವರು ದೊಡ್ಡ ವಿದ್ವಾಂಸರು. ಹಾಗೆಂದು ಅವರೇ ಹೇಳುತ್ತಿದ್ದರು. ಪಿಎಚ್.ಡಿ.ಗೂ ಅವರ ಬಳಿಯೇ ಹೋದೆ, ಆ ವಿಷಯಕ್ಕೆ ಬೇರೆ ಯಾರೂ ಇರಲಿಲ್ಲ. ಅಜ್ಜಂಪುರದಿಂದ ತರೀಕೆರೆಗೆ ಬಸ್ಸಿನಲ್ಲಿ ಹೋಗಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿ ಪಾಠ ಮಾಡುತ್ತ, ಉಳಿದ ಹೊತ್ತಿನಲ್ಲಿ ಬರೆಯುತ್ತ ಹಲವು ವರ್ಷ ಕಳೆದೆ. ಈ ಪದವಿ ಸಿಗದಿದ್ದರೆ ಕೊನೆಯವರೆಗೂ ಅತಿಥಿಯೇ.

ಬರೆದು ಮುಗಿಸಿ ಕೃತಿಚೌರ್ಯದ ತಪಾಸಣೆಗೆ ಕೊಟ್ಟರೆ, ಪುಟಗಟ್ಟಲೆ ಕೆಂಪು ಗೆರೆ ಎಳೆಸಿಕೊಂಡು ವಾಪಸು ಬಂತು. ನಾನು ಕದ್ದಿದ್ದೇನಂತೆ. ಯಾರಿಂದ ಎಂದು ನೋಡಿದರೆ, ನನ್ನ ಮಾರ್ಗದರ್ಶಕರಿಂದ. ನಾನು ಪಿಎಚ್.ಡಿ.ಯಲ್ಲೂ ಬಳಸಿಕೊಂಡಿದ್ದ ನನ್ನ ಎಂ.ಫಿಲ್. ಅಧ್ಯಾಯವನ್ನು ಅವರು ಒಂದು ಸಂಶೋಧನಾ ಪತ್ರಿಕೆಯಲ್ಲಿ ತಮ್ಮ ಹೆಸರಿನಲ್ಲಿ ಅಚ್ಚು ಹಾಕಿಸಿದ್ದರು. ಬಡ್ತಿಗೆ ಬೇಕಾದವರು ಬರೆಯುವ, ಯಾರೂ ಓದದ ಪತ್ರಿಕೆ ಅದು. ಅದನ್ನು ಮೊದಲು ಓದಿದ್ದು ತಪಾಸಣೆಯ ತಂತ್ರಾಂಶವೇ ಇರಬೇಕು.

ಲೇಖನ ತರಿಸಿಕೊಂಡು ಓದಿದೆ. ನನ್ನದೇ ವಾಕ್ಯಗಳು. ನಾನು ಮರೆತ ಅಲ್ಪವಿರಾಮವನ್ನು ಅವರೂ ಶ್ರದ್ಧೆಯಿಂದ ಮರೆತಿದ್ದರು. ಬದಲಾಗಿದ್ದು ಒಂದೇ: ಅತ್ತೆಯ ಹೆಸರಿದ್ದ ಕಡೆ 'ಕ್ಷೇತ್ರಕಾರ್ಯದಲ್ಲಿ ನಾನು ಭೇಟಿಯಾದ ಒಬ್ಬ ವೃದ್ಧೆ' ಎಂದಿತ್ತು.

ಕಡೂರಿನಲ್ಲಿದ್ದ ಅವರ ಮನೆಗೆ ಹೋದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವರು ಅಷ್ಟನ್ನೂ ಮಾಡಲಿಲ್ಲ.

"ಇಷ್ಟಕ್ಕೆ ಯಾಕಮ್ಮ ಗಾಬರಿ? ಆ ಭಾಗಕ್ಕೆಲ್ಲ ನನ್ನ ಲೇಖನದ ಹೆಸರು ಹಾಕಿ ಅಡಿಟಿಪ್ಪಣಿ ಕೊಟ್ಬಿಡು. ಮುಗೀತು."

"ಅದು ನಾನು ಬರೆದಿದ್ದು, ಸಾರ್."

"ಶಿಷ್ಯೆದು ಬೇರೆ, ಗುರುಗಳದು ಬೇರೆ ಅಂತ ಇರುತ್ತೇನಮ್ಮ?"

ಇರುತ್ತದೆ ಸಾರ್, ಸಂಬಳ ಬೇರೆ ಬೇರೆ ಇರುತ್ತದಲ್ಲ, ಎನ್ನಬೇಕೆನಿಸಿತು. ಆದರೆ ಅವರ ಸಹಿ ಬೇಕಿತ್ತು. ಎದ್ದು ಬಂದೆ.

ಅಲ್ಲಿಂದ ನೇರ ಪಂಚನಹಳ್ಳಿ ಬಸ್ಸು ಹತ್ತಿ, ಅತ್ತೆಗೆ ಆ ಲೇಖನ ಓದಿ ಹೇಳಿದೆ. ತಲೆಗೆ ಬಣ್ಣ ಹಚ್ಚದೆ ಮದುವೆ ಮನೆಗೆ ಹೋಗದವಳು ಅವಳು.

"ಯಾರೇ ವೃದ್ಧೆ?"

"ನೀನೇ, ಅತ್ತೆ."

"ಅವ್ನು ಯಾವಾಗ್ ಬಂದಿದ್ದ ನಮ್ಮನೆಗೆ?"

"ಬಂದೇ ಇಲ್ಲ."

"ಮತ್ತೆ ನಂಗೆ ವಯಸ್ಸಾಗಿರೋದು ಅವ್ನಿಗೆ ಹೆಂಗ್ ಗೊತ್ತಾಯ್ತು?" ಎಂದಳು. ಆಮೇಲೆ, "ನನ್ ಹೆಸ್ರು ಹಾಕ್ತೀನಿ ಅಂದಿದ್ದೆ ನೀನು" ಎಂದಳು. ಮಾರ್ಗದರ್ಶಕರ ಮಾತಿಗಿಂತ ಅವಳ ಆ ಮಾತೇ ನನ್ನನ್ನು ಹೆಚ್ಚು ಚುಚ್ಚಿತು.

ಮಾರ್ಗದರ್ಶಕರ ಅಪ್ಪಣೆಯಂತೆ ಅಡಿಟಿಪ್ಪಣಿ ಬರೆದೆ. ಅವರ ಹೆಸರು, ಲೇಖನ, ಪುಟ ಎಲ್ಲವನ್ನೂ ಹಾಕಿದೆ. ಅದರ ಮುಂದೆಯೇ ಹೀಗೆ ಸೇರಿಸಿದೆ: 'ಈ ಮಾಹಿತಿ ಕೊಟ್ಟವರು ಪಂಚನಹಳ್ಳಿಯ ನನ್ನ ಸೋದರತ್ತೆ. ಮೊದಲು ಬರೆದವಳು ನಾನು, ನನ್ನ ಎಂ.ಫಿಲ್. ಪ್ರಬಂಧದಲ್ಲಿ. ಮೇಲಿನ ಲೇಖನವು ಅದರ ನಕಲು. ಅದರಲ್ಲಿ ನಮ್ಮಿಬ್ಬರ ಹೆಸರನ್ನೂ ಕೈಬಿಡಲಾಗಿದೆ.' ಅತ್ತೆಯ ಹೆಸರನ್ನು ಪೂರ್ತಿಯಾಗಿ, ಅವಳು ಹೇಳಿಕೊಳ್ಳುವ ಹಾಗೆಯೇ ಹಾಕಿದೆ.

ಸಹಿಗೆಂದು ಪ್ರಬಂಧ ಹಿಡಿದುಕೊಂಡು ಮತ್ತೆ ಕಡೂರಿಗೆ ಹೋದೆ. ಆ ಪುಟವನ್ನೇ ತೆರೆದು ಅವರ ಮುಂದಿಟ್ಟೆ.

"ನನ್ನ ಹೆಸರು ಬಂದಿದೆ ತಾನೆ?"

"ಬಂದಿದೆ ಸಾರ್, ಇಲ್ಲೇ ಕೆಳಗಿದೆ. ಒಂದ್ಸಲ ಪೂರ್ತಿ ಓದ್ಬಿಡಿ."

ಅವರು ಕನ್ನಡಕ ಹಾಕಿಕೊಂಡು ತಮ್ಮ ಹೆಸರನ್ನು ಹುಡುಕಿದರು, ಸಿಕ್ಕಿತು, ಅಲ್ಲಿಗೇ ಓದು ನಿಲ್ಲಿಸಿದರು. "ಒಳ್ಳೇದು ಕಣಮ್ಮ, ಮೂಲ ಹೇಳೋದು ಸಂಶೋಧಕರ ಧರ್ಮ" ಎಂದರು.

ಆಮೇಲೆ ಪ್ರಮಾಣಪತ್ರದ ಪುಟಕ್ಕೆ ತಿರುಗಿಸಿ, 'ಈ ಪ್ರಬಂಧವನ್ನು ನಾನು ಸಂಪೂರ್ಣವಾಗಿ ಪರಿಶೀಲಿಸಿದ್ದು, ಇದರಲ್ಲಿರುವುದೆಲ್ಲ ಸತ್ಯವೆಂದು ದೃಢೀಕರಿಸುತ್ತೇನೆ' ಎಂಬ ಸಾಲಿನ ಕೆಳಗೆ ದೊಡ್ಡದಾಗಿ ಸಹಿ ಹಾಕಿಕೊಟ್ಟರು.