ಅಂಬೂಬಾಯಿ ಕೊಂಡ ಅರ್ಧ ಮನೆ

ಅಂಬೂಬಾಯಿಯವರನ್ನು ನಾವು ಬಹಳ ದಿನ ಜಿಪುಣಿ ಎಂದೇ ತಿಳಿದಿದ್ದೆವು. ಆದೋನಿಯ ಮಾರ್ಕೆಟ್ಟಿನಲ್ಲಿ ಒಂದು ಕಟ್ಟು ಪುಂಡಿಪಲ್ಯಕ್ಕೆ ಅರ್ಧ ತಾಸು ಚೌಕಾಸಿ ಮಾಡಿ, ಕೊನೆಗೆ ಕೇಳಿದಷ್ಟೇ ಕೊಟ್ಟು ಬರುವ ಜಿಪುಣಿ ಲೋಕದಲ್ಲಿಲ್ಲ ಎಂಬುದು ನಮ್ಮಂಥ ಜಾಣರಿಗೆ ಹೊಳೆಯಲು ವರ್ಷಗಳೇ ಹಿಡಿದವು. ಹೈಸ್ಕೂಲಿನ ಕ್ಲಾರ್ಕು, ಮದುವೆಯಿಲ್ಲ. ತಾಯಿ ಹೋದ ಮೇಲೆ ರಜೆಯ ದಿನ ಅವರೊಡನೆ ಮಾತಾಡುತ್ತಿದ್ದವಳು ಆ ಪಲ್ಯದವಳೊಬ್ಬಳೇ.

ಬಾಡಿಗೆ ಕೋಣೆ ಸಾಕಾಗಿ, ಗುರುಶಾಂತಮ್ಮನವರ ಮನೆಯ ಅರ್ಧ ಭಾಗ ಕೊಳ್ಳಲು ಹೊರಟರು. ಹತ್ತಿ ವ್ಯಾಪಾರಿಯ ವಿಧವೆ ಗುರುಶಾಂತಮ್ಮ ಉಳಿದರ್ಧದಲ್ಲಿ ತಾವೇ ಇರುವವರು. ನಡುವೆ ಒಂದೇ ಗೋಡೆ. ಮಾತು ಇಪ್ಪತ್ತೆಂಟು ಲಕ್ಷಕ್ಕೆ ನಿಂತಿತ್ತು.

ಸಾಲಕ್ಕಾಗಿ ಬೆಲೆ ಕಟ್ಟಲು ಬಂದ ಬ್ಯಾಂಕಿನವನು ಟೇಪು ಹಿಡಿದು ಅಳೆಯುವಾಗ, ಆಚೆ ಕಡೆ ರೊಟ್ಟಿ ಬಡಿಯುವ ಸದ್ದು ಕೇಳಿ ಅಂಬೂಬಾಯಿ ಅಲ್ಲೇ ನಿಂತುಬಿಟ್ಟರು. ಅವನ ವರದಿಯಲ್ಲಿ ಆ ಸದ್ದಿಗೆ ಬೆಲೆಯಿರಲಿಲ್ಲ. ಆದರೂ ಮೂವತ್ತೊಂದು ಲಕ್ಷ ಬಂತು.

ದಲ್ಲಾಳಿ ಲಕ್ಷ್ಮಿಕಾಂತ್ ದನಿ ತಗ್ಗಿಸಿದ. ಹೋದ ವರ್ಷದವರೆಗೆ ಗೊಬ್ಬರ ಮಾರುತ್ತಿದ್ದವನು ಈಗ ಕಾರ್ಡಿನ ಮೇಲೆ ‘ಪ್ರಾಪರ್ಟಿ ಕನ್ಸಲ್ಟೆಂಟ್’ ಆಗಿದ್ದ.

“ಚೂಡಂಡಿ ಮೇಡಂ, ನೋಡ್ರಿ, ಕಡಿಮಿ ಬಂದ್ರ ಮಾರೋರಿಗೆ ತೋರಸ್ಬೇಕು, ಹೆಚ್ಚಿಗಿ ಬಂದ್ರ ಬಾಯಿ ಮುಚ್ಕೊಂಡಿರಬೇಕು. ನಮ್ಮ ಲೈನಿನಾಗ ಇದೇ ಧರ್ಮ.”

“ಮುಂದ ಆಕಿಗೆ ಗೊತ್ತಾದ್ರ?”

“ಅಷ್ಟೊತ್ತಿಗೆ ರಿಜಿಸ್ಟ್ರೇಷನ್ ಆಗಿರ್ತೈತಿ.”

ಗೊತ್ತಾಗದೆ ಇದ್ದೀತೆ? ಆದೋನಿಯಲ್ಲಿ ಹತ್ತಿಯ ಧಾರಣೆಗಿಂತ ಮೊದಲು ಮನೆಯ ಬೆಲೆ ಊರು ಸುತ್ತುತ್ತದೆ. ಆಮೇಲೆ ಗುರುಶಾಂತಮ್ಮ ಮುಖ ತಿರುಗಿಸಿದರೆ, ಬಾಡಿಗೆ ಕೋಣೆಯ ಮೌನವನ್ನೇ ಸಾಲ ಮಾಡಿ ಕೊಂಡಂತಾಗುತ್ತಿತ್ತು. ಅಂಬೂಬಾಯಿ ಅದೇ ಸಂಜೆ ವರದಿ ಹಿಡಿದು ಹೋದರು.

ಗುರುಶಾಂತಮ್ಮ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು.

“ನಿಮಗ ಬುದ್ಧಿ ಐತೋ ಇಲ್ಲೋ, ಅಕ್ಕಾರ?”

“ಇದ್ದಿದ್ರ ತರ್ತಿದ್ದಿಲ್ಲರಿ.”

“ಇನ್ನೊಂದು ಲಕ್ಷ ಕೊಡ್ರಿ, ಸಾಕು. ಮೊದಲು ಕುಂದರ್ರಿ, ಚಾ ಇಡ್ತೀನಿ.”

ಆ ಒಂದು ಲಕ್ಷಕ್ಕೆ ಅಂಬೂಬಾಯಿಯವರ ತಾಯಿಯ ಚಿನ್ನದ ಬಳೆಗಳು ಹೋದವು. ರಿಜಿಸ್ಟ್ರೇಷನ್ ಮುಗಿದ ದಿನ, ಕಚೇರಿಯ ಮೆಟ್ಟಿಲ ಮೇಲೆ ಲಕ್ಷ್ಮಿಕಾಂತ್ ಇನ್ನೂ ತಲೆ ಕೊಡವುತ್ತಿದ್ದ.

“ಅಲ್ಲ ಮೇಡಂ, ನನ್ನಂಥ ಮನಷ್ಯಾ ಬೆನ್ನಿಗಿದ್ದಾಗ, ಆ ಮುದುಕಿ ನಿಮಗ ಯಾಕ ಬೇಕಾಗಿತ್ತು?”

“ನನಗ ಎದಿನೋವು ಬಂದು ಗೋಡಿ ಬಡಿದ್ರ, ಎದ್ದು ಬರಾಕಿ ಆಕಿ. ನೀ ಅಲ್ಲ.”