ಬುಡನಸಾಬರ ತಂಬಿಗಿ

ಲಕ್ಷ್ಮೇಶ್ವರದ ಬುಡನಸಾಬರು ಹಿತ್ತಾಳೆಯ ತಂಬಿಗೆಯೊಂದನ್ನು ಮುಟ್ಟದೆಯೇ ಹಾಡಿಸುತ್ತಿದ್ದರು. ಖರೇನ ಹೇಳುತ್ತೇನೆ, ನಗಬೇಡಿ. ಊರಿಗೆ ಟೀವಿ ಬಾರದ ಕಾಲ. ಅವರದು ರೇಡಿಯೊ ರಿಪೇರಿ ಅಂಗಡಿ. ಎರಡು ಹಳೆಯ ಟ್ರಾನ್ಸಿಸ್ಟರುಗಳನ್ನು ಎದುರುಬದುರು ಇಟ್ಟು, ಒಂದರ ಹೊಟ್ಟೆಯಿಂದ ತಂತಿ ಎಳೆದು ತಂಬಿಗೆಗೆ ಕಟ್ಟಿದ್ದರು. ಕೈ ಹತ್ತಿರ ತಂದರೆ ಕುಂಯ್ ಎಂದು ಸ್ವರ ಏರುತ್ತಿತ್ತು, ದೂರ ಒಯ್ದರೆ ಇಳಿಯುತ್ತಿತ್ತು. ರೇಡಿಯೊದ ಆ ಸೀಟಿ ಬಿಡಿಸಿಕೊಳ್ಳಲು ಮಂದಿ ಅವರಲ್ಲಿಗೆ ಬಂದರೆ, ಇವರು ಅದನ್ನೇ ಸಾಕಿಕೊಂಡಿದ್ದರು.

ನಾನು ತಬಲಾದವನು. ಸಂತೆಯ ದಿನ ಮಧ್ಯಾಹ್ನ ಅಂಗಡಿಯಲ್ಲೇ ನಮ್ಮ ಕಚೇರಿ. "ಯಾವ ರಾಗರೀ ಸಾಬರ?" ಎಂದರೆ, "ನನಗೇನ ಗೊತ್ತು? ಅದು ಹೊಂಟಂಗ ಅದರ ಹಿಂದ ಹೋಗೂದು. ನೀವು ಠೇಕಾ ಬಿಡಬ್ಯಾಡ್ರಿ, ಇಲ್ಲಂದ್ರ ಇಬ್ರೂ ದಾರಿ ಕಳಕೊಂಡೇವಿ" ಎನ್ನುವರು. ಸ್ವರ ತಪ್ಪಿದರಂತೂ ಮುಖ ಅರಳುತ್ತಿತ್ತು: "ಹೊಸಾ ಓಣಿ ಸಿಕ್ತು!"

ಒಂದೇ ಕೊರಗು ಅವರಿಗೆ. ಯಾರೂ ಅದನ್ನು ವಾದ್ಯ ಅನ್ನುತ್ತಿರಲಿಲ್ಲ. ನಮ್ಮಪ್ಪನಿಗೆ ಅದು 'ಕೆಟ್ಟ ರೇಡಿಯೊ'. "ನಿಮ್ಮ ಅಪ್ಪಾರ ಬಾಯಾಗ ಒಮ್ಮೆ ಆ ಮಾತು ಬರಲಿ, ನಾ ಗೆದ್ದೆ" ಎನ್ನುತ್ತಿದ್ದರು ಸಾಬರು.

ಮುಂಡರಗಿಯಲ್ಲಿ ನನ್ನ ತಂಗಿಯ ಮದುವೆ. ಮೈಕು ಸಾಬರದೇ. ಶಹನಾಯಿಯವರ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತು. ವಾದ್ಯವಿಲ್ಲದೆ ಅಕ್ಷತೆ ಬೀಳಕೂಡದೆಂದು ಅಪ್ಪನ ಹಟ, ಮುಹೂರ್ತವೋ ಮೀರುತ್ತಿದೆ, ತಂಗಿಯ ಕಣ್ಣಲ್ಲಿ ನೀರು.

"ಸಾಬರ, ತಂಬಿಗಿ ತಂದೀರೇನು?" ಎಂದೆ.

"ಅದನ್ನ ಬಿಟ್ಟು ನಾ ಎಲ್ಲಿ ಹೊಕ್ಕೇನ್ರಿ!"

ಅಪ್ಪ ಹಲ್ಲು ಕಚ್ಚಿ, "ಆತು, ಏನರ ಒಂದು ಸಪ್ಪಳ ಮಾಡ್ರಿ" ಎಂದ.

ನಾನು ತಬಲಾ ಹಿಡಿದು ಪಕ್ಕಕ್ಕೆ ಕೂತೆ. ಶುರುವಾದದ್ದು ಸೊಗಸಾಗಿಯೇ. ಆದರೆ ಎಲ್ಲರಿಗೂ ಕಾಣಲೆಂದು ಸಾಬರು ತಂಬಿಗೆಯನ್ನು ಹಂದರದ ನಟ್ಟನಡುವೆ ಇಟ್ಟಿದ್ದರು. ಅಕ್ಷತೆ ಹಾಕಲು ಮಂದಿ ಮುಂದೆ ನುಗ್ಗಿದ್ದೇ ತಡ, ಸ್ವರ ಮುಗಿಲಿಗೆ ಹಾರಿತು. "ಹಿಂದ ಸರೀರಿ!" ಎಂದು ಸಾಬರು ಕೂಗಿದರು. ಮಂದಿ ಸರಿದರು, ಸ್ವರ ಇಳಿಯಿತು. ಆಗ ನಮ್ಮ ಸೋದರತ್ತೆ ಬೇಕಂತಲೇ ಒಂದು ಹೆಜ್ಜೆ ಮುಂದಿಟ್ಟಳು, ಕುಂಯ್. ಹಿಂದಿಟ್ಟಳು, ಊಂ. "ಅಯ್ಯ ಶಿವನ, ನಾನೂ ಬಾರಸಾಕತ್ತೇನಲ್ಲೋ!"

ಆಮೇಲೆ ಯಾರು ಕೇಳುತ್ತಾರೆ? ಇಡೀ ಹಂದರವೇ ಹಿಂದೆ ಮುಂದೆ ತೂಗಾಡಿ ಬಾರಿಸಿತು. ಸಾಬರು ಕೈ ಕಟ್ಟಿ ನಿಂತು, ನಕ್ಕು ನಕ್ಕು ಕಣ್ಣೀರು ಒರೆಸಿಕೊಳ್ಳುತ್ತ, "ಠೇಕಾ ಬಿಡಬ್ಯಾಡ್ರಿ!" ಎಂದು ನನಗೆ ಕೂಗುತ್ತಿದ್ದರು. ತಂಗಿ ನಗುನಗುತ್ತಲೇ ತಾಳಿ ಕಟ್ಟಿಸಿಕೊಂಡಳು. ಅಪ್ಪ ಅಕ್ಷತೆಯ ಮುಷ್ಟಿಯನ್ನೇ ತಂಬಿಗೆಯ ಕಡೆ ಆಡಿಸುತ್ತ ಮೈಮರೆತಿದ್ದ. ಆದರೂ ಆ ಮಾತು ಮಾತ್ರ ಆಡಲಿಲ್ಲ, ಬಿಗುಮಾನದ ಮನುಷ್ಯ.

ಕೆಲವು ವರ್ಷಗಳ ಮೇಲೆ ಸಾಬರ ಕೈ ನಡುಗತೊಡಗಿತು, ಅಂಗಡಿ ಮುಚ್ಚಿದರು. ನೋಡಲು ಹೋದೆ. ನಡುಗುವ ಕೈಯನ್ನು ತಂಬಿಗೆಯ ಬಳಿ ಹಿಡಿದರು. ಸ್ವರ ತಾನೇ ತೂಗಿತು. "ನೋಡ್ರಿ, ತಂತಿ ಬೆಸಿಗಿಗೆ ಆಗಲಾರದ ಕೈ ಗಮಕಕ್ಕ ಬಂತು" ಎಂದು ಮಗುವಿನಂತೆ ನಕ್ಕರು. ಹೊರಡುವಾಗ, "ಇದನ್ನ ನಿಮ್ಮ ಮನ್ಯಾಗ ಇಟಗೋರಿ" ಎಂದು ತಂಬಿಗೆ, ಟ್ರಾನ್ಸಿಸ್ಟರು ಎಲ್ಲವನ್ನೂ ನನ್ನ ಕೈಗಿಟ್ಟರು. ಮತ್ತೆ ಅವರು ನೋಡಲು ಸಿಗಲಿಲ್ಲ.

ಅವರು ಹೋದ ಸುದ್ದಿ ಬಂದ ದಿನ ಅಪ್ಪ ಪಡಸಾಲೆಯಲ್ಲಿ ಕೂತಿದ್ದ. ಬಂದ ಬೀಗರೊಬ್ಬರು ನೀರು ಕುಡಿಯಲು ಆ ತಂಬಿಗೆಗೆ ಕೈ ಹಾಕಿದರು.

"ಮುಟ್ಟಬ್ಯಾಡ್ರಿ!" ಎಂದು ಅಪ್ಪ ಗದರಿದ. "ಅದು ವಾದ್ಯ."