ಅಪ್ಸರಕೊಂಡದ ಏರಿನ ಕಟಕಟ

ಹೊನ್ನಾವರದವರು ಕುಮಟೆಯವರನ್ನು ಪರದೇಶದವರಂತೆ ಕಾಣುತ್ತಾರೆ ಎಂದರೆ ಯಾರೂ ನಂಬುವುದಿಲ್ಲ. ಬಸ್ಸಿನಲ್ಲಿ ಕೂತು ಒಂದು ತೂಕಡಿಕೆ ಮುಗಿಸುವುದರೊಳಗೆ ಊರು ಬರುತ್ತದೆ. ಆದರೂ ಬ್ಯಾಂಕಿನ ವರ್ಗಾವಣೆಯಾಗಿ ಹೊನ್ನಾವರಕ್ಕೆ ಬಂದ ನನ್ನನ್ನು ಎಲ್ಲರೂ ‘ಕುಮಟೆಯವರು’ ಎಂದೇ ಕರೆದರು, ಮಾತಿಗೆ ಮಾತ್ರ ಯಾರೂ ಕರೆಯಲಿಲ್ಲ. ಸಂಜೆ ಹೆಂಡತಿ ಟೀವಿ ನೋಡುತ್ತಿದ್ದಳು, ನಾನು ಹೆಂಡತಿಯನ್ನು ನೋಡುತ್ತಿದ್ದೆ, ಇಬ್ಬರಿಗೂ ಬೇಸರ ಬಂದಿತ್ತು. ಆ ಒಂಟಿತನ ತಡೆಯಲಾರದೆ ನಾನು ಬಾಗಿದ ಹ್ಯಾಂಡಲಿನ, ಸಣಕಲು ಟೈರಿನ ಒಂದು ರೋಡ್ ಬೈಕ್ ಕೊಂಡು ಭಾನುವಾರದ ಸೈಕಲ್ ಬಳಗ ಸೇರಿದೆ.

ಬಳಗದ ಯಜಮಾನರು ಒಬ್ಬ ನಿವೃತ್ತ ಹೆಡ್ಮಾಸ್ಟರು. ವಕೀಲರು, ಕಂತ್ರಾಟುದಾರರು, ಔಷಧದ ಅಂಗಡಿಯವರು, ಹೀಗೆ ಉಳಿದವರೆಲ್ಲ ಅವರ ಶಾಲೆಯಲ್ಲೇ ಓದಿ ಅವರ ಬೆತ್ತದ ರುಚಿ ಕಂಡವರು. ತಲೆ ನರೆತರೂ ಆ ತರಗತಿ ಇನ್ನೂ ಬಿಟ್ಟಿರಲಿಲ್ಲ. ಇಬ್ಬಿಬ್ಬರ ಸಾಲು ಮಾಡಿಕೊಂಡು ಹೋಗುವುದು ಅವರ ನಿಯಮ. ಹೊಸಬನಾದವನು ಮೊದಲ ಸಾಲಿನಲ್ಲಿ, ಹೆಡ್ಮಾಸ್ಟರ ಪಕ್ಕದಲ್ಲೇ ಇರಬೇಕು. ಹಿಂದಿನ ಬೆಂಚಿಗೆ ಬಿಟ್ಟರೆ ಹುಡುಗರು ಕೆಡುತ್ತಾರೆಂದು ಅವರ ಅನುಭವ. ಅವರು ಏನು ಹೇಳಿದರೂ ಹಿಂದಿನ ಸಾಲುಗಳಿಂದ ‘ಹೌದು ಸರ್’ ಎಂದು ಕೇಳಿಸುತ್ತಿತ್ತು. ಗಾಳಿ ಮುಖಕ್ಕೆ ರಾಚುವಾಗ, ಇವತ್ತು ಬೆನ್ನಿಗೆ ಗಾಳಿ ಎಂದರೂ ಹೌದು ಸರ್. ನಾನೊಬ್ಬ ಮಾತ್ರ ‘ಇರಬಹುದು’ ಎನ್ನುತ್ತಿದ್ದೆ. ಅಷ್ಟಾದರೂ ಮರ್ಯಾದೆ ಕುಮಟೆಗೆ ಬೇಡವೇ?

ಶರಾವತಿ ಸೇತುವೆ ದಾಟಿ ಅಪ್ಸರಕೊಂಡದ ಏರು ಹತ್ತುವಾಗ ಮೊದಲ ಸಲ ಆ ಶಬ್ದ ಕೇಳಿಸಿತು. ಪೆಡಲು ಒತ್ತಿದಾಗೆಲ್ಲ ಕಟ್, ಕಟ್. ಹೆಡ್ಮಾಸ್ಟರು ಕತ್ತು ವಾಲಿಸಿ ಕಿವಿಗೊಟ್ಟರು.

“ನಿಮ್ಮ ಬಾಟಮ್ ಬ್ರಾಕೆಟ್ಟು ಹೋತು” ಎಂದರು.

“ಹೌದು ಸರ್” ಎಂದವು ಹಿಂದಿನ ಸಾಲುಗಳು.

ಎರಡು ಪೆಡಲುಗಳ ನಡುವೆ, ಫ್ರೇಮಿನ ಹೊಟ್ಟೆಯೊಳಗೆ ಒಂದು ಬೇರಿಂಗು ಕೂತಿರುತ್ತದೆ, ಅದಕ್ಕೆ ಹಾಗೆನ್ನುತ್ತಾರೆ. ಅದು ಕಣ್ಣಿಗೆ ಕಾಣುವುದಿಲ್ಲ. ಹಾಗಾಗಿ ಅದರ ಮೇಲೆ ಯಾರು ಯಾವ ಅಪವಾದವನ್ನಾದರೂ ಹೊರಿಸಬಹುದು.

ಅಲ್ಲಿಂದ ನನ್ನ ವನವಾಸ ಶುರುವಾಯಿತು. ನಮ್ಮ ಕಡೆ ಬಾಗಿಲು ಕಿರುಗುಟ್ಟಲಿ, ಮಂಡಿ ಕಿರುಗುಟ್ಟಲಿ, ಮೊದಲ ಮದ್ದು ತೆಂಗಿನೆಣ್ಣೆ. ವಕೀಲರು ಅದನ್ನೇ ಹೇಳಿದರು, ನಾನೂ ಧಾರಾಳವಾಗಿ ಸುರಿದೆ. ಶಬ್ದ ಹೋಗಲಿಲ್ಲ, ಇರುವೆ ಬಂದವು. ಪೆಡಲು ಬಿಚ್ಚಿ ಗ್ರೀಸ್ ಹಚ್ಚಿದೆ. ಸೀಟಿನ ಕಂಬ ಎಳೆದು ಒರೆಸಿ ಮತ್ತೆ ತೂರಿಸಿದೆ. ಮನೆಯಂಗಳದಲ್ಲಿ ಸೈಕಲ್ಲನ್ನು ಎತ್ತಿ ಪೆಡಲು ತಿರುಗಿಸಿದರೆ ಒಂದು ಉಸಿರೂ ಇಲ್ಲ. ‘ಭಾರ ಬಿದ್ದಾಗ ಮಾತ್ರ ಬತ್ತದೆ’ ಎಂದು ಹೆಡ್ಮಾಸ್ಟರು ಅದಕ್ಕೂ ಉತ್ತರ ಕೊಟ್ಟರು. ಭಾರ ಬೀಳುವ ಏರು ನಮ್ಮ ಬೀದಿಯಲ್ಲಿ ಇಲ್ಲ, ಮತ್ತು ಅಪ್ಸರಕೊಂಡಕ್ಕೆ ನಾನು ಬಳಗ ಬಿಟ್ಟು ಹೋದವನೇ ಅಲ್ಲ. ಕೊನೆಗೆ ಹೊಸ ಬಾಟಮ್ ಬ್ರಾಕೆಟ್ಟನ್ನೇ ತರಿಸಿದೆ. ಅದರ ಒಂದು ಬದಿಯ ತಿರುಪು ಉಲ್ಟಾ ತಿರುಗುತ್ತದೆಂದು ತಿಳಿಯದೆ, ಬಿಚ್ಚುತ್ತಿದ್ದೇನೆಂದುಕೊಂಡು ಇಡೀ ಬೆಳಿಗ್ಗೆ ಬಿಗಿ ಮಾಡಿದೆ.

“ಅದ್ಕೆ ಎಂತ ಆಯ್ದೋ ಗೊತ್ತಿಲ್ಲ, ನಿಮ್ಗೆ ಮಾತ್ರ ಆಯ್ದು” ಎಂದಳು ಹೆಂಡತಿ.

ಅಂತೂ ಹಳೆಯದು ಹೊರಬಂತು. ಬೆರಳಲ್ಲಿ ತಿರುಗಿಸಿದರೆ ಬೆಣ್ಣೆಯ ಹಾಗೆ ತಿರುಗುತ್ತಿತ್ತು. ಹೊಸದನ್ನು ಹಾಕಿದೆ. ಮುಂದಿನ ಭಾನುವಾರ ಅದೇ ಏರು, ಅದೇ ಕಟ್ ಕಟ್.

ಹೆಡ್ಮಾಸ್ಟರು ಆಗ ತೀರ್ಪು ಕೊಟ್ಟರು. ಭಟ್ಕಳದಿಂದ ಕುಮಟೆಯವರೆಗೆ ಬಳಗದ ದೊಡ್ಡ ಸವಾರಿ ಹತ್ತಿರ ಬಂದಿತ್ತು. ಬರುವ ಭಾನುವಾರ ಕೊನೆಯ ಪರೀಕ್ಷೆ. ಶಬ್ದ ನಿಲ್ಲದಿದ್ದರೆ ದೊಡ್ಡ ಸವಾರಿಯ ದಿನ ನಾನು ಸೈಕಲ್ ಬಿಟ್ಟು, ಹಿಂದಿನಿಂದ ಬರುವ ಪಿಕಪ್ಪಿನಲ್ಲಿ ಬಾಳೆಹಣ್ಣಿನ ಗೊನೆಯ ಪಕ್ಕ ಕೂರಬೇಕು. ನನ್ನದೇ ಊರಿಗೆ, ನನ್ನದೇ ಜನರ ಕಣ್ಣೆದುರು, ಬಾಳೆಗೊನೆ ಕಾಯುತ್ತಾ ಬಂದಿಳಿಯುವುದೇ? ಅದಕ್ಕಿಂತ ದೊಡ್ಡ ಭಯ ಇನ್ನೊಂದಿತ್ತು. ಸವಾರಿ ಮುಗಿದ ಮೇಲೆ ಹೊಟೇಲಿನಲ್ಲಿ ಬನ್ಸ್, ಚಾ ಮುಂದಿಟ್ಟುಕೊಂಡು ಎಲ್ಲರೂ ಗಲಗಲ ಮಾತಾಡುವ ಆ ಒಂದು ಗಂಟೆ ನನ್ನ ವಾರದ ಊಟವಾಗಿತ್ತು. ಬಳಗವೇ ಕೈಬಿಟ್ಟು ಅದೂ ತಪ್ಪಿದರೆ ಮತ್ತೆ ಟೀವಿ ನೋಡುವ ಹೆಂಡತಿಯನ್ನು ನೋಡುತ್ತಾ ಕೂರಬೇಕು.

ಪರೀಕ್ಷೆಯ ದಿನ ಏರಿನ ನಡುವೆ ಗಾಬರಿಯಲ್ಲಿ ಗೇರು ತಪ್ಪಿಸಿದೆ, ಚೈನು ಕಳಚಿ ಬಿತ್ತು. ಒಂದು ಕಾಲೂರಿ ನಿಂತೆ. ಹೆಡ್ಮಾಸ್ಟರು ಗಮನಿಸದೆ ಮುಂದೆ ಹೋದರು. ಅವರ ಬೆನ್ನಿನ ಜೊತೆಗೇ ಕಟ್, ಕಟ್, ಕಟ್ ಎನ್ನುತ್ತಾ ಶಬ್ದವೂ ಏರು ಹತ್ತಿ ಹೋಯಿತು.

ಹಿಂದಿನ ಸಾಲಿನಿಂದ ಬಂದು ಪಕ್ಕದಲ್ಲಿ ನಿಂತ ವಕೀಲರ ಮುಖ ನೋಡಿದೆ. ಅವರು ಸಮುದ್ರ ನೋಡಿದರು.

“ನಿಮಗೆ ಮೊದಲೇ ಗೊತ್ತಿತ್ತಾ?”

“ಹೋದ ವರ್ಷ ನಾ ಹೊಸಬ, ನಾನೂ ಬ್ರಾಕೆಟ್ಟು ಬದಲಿಸ್ದೆ ಮಾರಾಯ್ರೆ” ಎಂದರು ಮೆಲ್ಲಗೆ. “ಎರಡನೇ ಸಾಲಿಗೆ ಹೋದ್ಮೇಲೆ ತನ್ನಷ್ಟಕ್ಕೇ ಸಮಾ ಆತು. ಹೆಡ್ಮಾಸ್ಟರಿಗೆ ಯಾರು ಹೇಳೂದು?”

ನ್ಯಾಯಾಧೀಶರ ಮುಂದೆ ಮೇಜು ಗುದ್ದಿ ವಾದಿಸುವ ಬಾಯಿ ಅದು! ನನಗೆ ರೋಷ ಉಕ್ಕಿತು. ಚೈನು ಹಾಕಿಕೊಂಡು ಮೇಲೆ ಹೋಗಿ, ಎಲ್ಲರೂ ಕೇಳುವ ಹಾಗೆ ಹೇಳಿದೆ: “ಸರ್, ಶಬ್ದ ನಿಮ್ಮ ಸೈಕಲ್ಲಿನದು.”

ಇಡೀ ತರಗತಿ ನೆಲ ನೋಡಿತು. ಹೆಡ್ಮಾಸ್ಟರು ಸಿಟ್ಟು ಮಾಡಲಿಲ್ಲ. ನಮ್ಮಿಬ್ಬರದೂ ಒಂದೇ ಎತ್ತರ. ಸೈಕಲ್ ಅದಲುಬದಲು ಮಾಡಿ ಇನ್ನೊಮ್ಮೆ ಹತ್ತೋಣ ಎಂದರು. ಕೆಳಗಿಳಿದು ಮತ್ತೆ ಹತ್ತಿದೆವು. ಅವರ ಕೆಳಗೆ ನನ್ನ ಸೈಕಲ್ ಬೆಕ್ಕಿನಂತೆ ಸದ್ದಿಲ್ಲದೆ ಹೋಯಿತು. ನನ್ನ ಕೆಳಗೆ ಅವರದು ಕಟ್, ಕಟ್. ಸತ್ಯ ಇನ್ನೂ ಹೇಗೆ ಕಿರುಚಬೇಕು? ನಾನು ಗೆದ್ದವನಂತೆ ಅವರ ಕಡೆ ನೋಡಿದೆ.

“ನೋಡಿ, ಸೈಕಲ್ ಬದಲಾದ್ರೂ ಶಬ್ದ ನಿಮ್ಮ ಕಡೆಯಿಂದನೇ ಬಂತು” ಎಂದರು ಹೆಡ್ಮಾಸ್ಟರು. “ತೊಂದ್ರೆ ಇಪ್ಪುದು ನಿಮ್ಮ ಕಾಲಿನಲ್ಲಿ.”

“ಹೌದು ಸರ್.”

ಆದರೆ ನನ್ನ ಸೈಕಲ್ ಅವರಿಗೆ ಬಹಳ ಹಿಡಿಸಿಬಿಟ್ಟಿತ್ತು. ದೊಡ್ಡ ಸವಾರಿಗೆ ಅದರಲ್ಲೇ ಬರುತ್ತೇನೆ, ನೀವು ನನ್ನದರಲ್ಲಿ ಬನ್ನಿ, ಕಾಲು ನೋವಾದರೆ ಪಿಕಪ್ ಇದ್ದೇ ಇದೆ ಎಂದರು. ಹಾಗಾಗಿ ಭಟ್ಕಳದಿಂದ ಕುಮಟೆಗೆ ನಾನು ಆ ಕಟಕಟ ಸೈಕಲ್ಲಿನ ಮೇಲೆ ಬಂದೆ. ಅದು ಬರೇ ಶಬ್ದವಾಗಿರಲಿಲ್ಲ. ಪೆಡಲು ಕೆಸರಿನಲ್ಲಿ ಸಿಕ್ಕಿದ ಹಾಗೆ ಜಗ್ಗುತ್ತಿತ್ತು. ಮುರ್ಡೇಶ್ವರ ದಾಟುವಷ್ಟರಲ್ಲಿ ನನ್ನ ತೊಡೆ ನಡುಗಿತು. ಈ ಮುದುಕರು ಇದನ್ನು ಇಷ್ಟು ದಿನ ಹೇಗೆ ತುಳಿದರೆಂದು ಬೆರಗಾಯಿತು.

ಕುಮಟೆ ಹತ್ತಿರದ ಒಂದು ಏರಿನಲ್ಲಿ ಉಳಿದವರು ಹಿಂದೆ ಬಿದ್ದರು. ಹೆಡ್ಮಾಸ್ಟರು ನನ್ನತ್ತ ವಾಲಿ, ತರಗತಿಗೆ ಕೇಳಿಸದ ದನಿಯಲ್ಲಿ ಹೇಳಿದರು:

“ನಿಮಗೊಂದು ಹೇಳ್ತೆ, ಇವ್ರಿಗೆ ಹೇಳ್ಬೇಡಿ. ಹೋದ ವರ್ಷದಿಂದ ನಂಗೆ ಏರು ಹತ್ತೂಕೇ ಆಗ್ತಿರ್ಲಿಲ್ಲ. ವಯಸ್ಸಾತು, ನನ್ನ ಕತೆ ಮುಗೀತು ಅಂತ ಮಾಡಿದ್ದೆ. ಇದೇ ಕೊನೇ ಸವಾರಿ ಅಂತ್ಲೂ ಎಣಿಸಿದ್ದೆ. ಇವತ್ತು ಎಂತದೋ, ಹಾರೂ ಹಾಂಗೆ ಆಗ್ತದೆ.”

ಮುಗಿದದ್ದು ನಿಮ್ಮ ಕತೆಯಲ್ಲ ಸರ್, ಬೇರಿಂಗಿನದು ಎಂಬ ಮಾತು ನಾಲಿಗೆಯ ತುದಿಗೆ ಬಂತು. ಅಷ್ಟರಲ್ಲಿ ಹಿಂದಿನ ಸಾಲು ಹತ್ತಿರಾಯಿತು. ಅವರು ಬೆನ್ನು ನೆಟ್ಟಗೆ ಮಾಡಿ, ಮತ್ತೆ ಹೆಡ್ಮಾಸ್ಟರಾದರು. ನಾನು ಆ ಮಾತು ನುಂಗಿ ಪೆಡಲು ಒತ್ತಿದೆ, ಕಟ್, ಕಟ್.

ಅವರ ಸೈಕಲ್ ಆ ವಾರ ನನ್ನ ಮನೆಯಲ್ಲೇ ಉಳಿಯಿತು. ಬಿಚ್ಚಿದೆ. ಈಗ ತಿರುಪು ಯಾವ ಕಡೆ ತಿರುಗುತ್ತದೆಂದು ಗೊತ್ತಿತ್ತಲ್ಲ. ಒಳಗಿಂದ ಚಾದ ಬಣ್ಣದ ತುಕ್ಕು ನೀರು ಸುರಿಯಿತು. ಶಿಸ್ತಿನ ಮನುಷ್ಯ, ಪ್ರತಿ ಭಾನುವಾರ ಪೈಪು ಹಿಡಿದು ಸೈಕಲ್ ತೊಳೆಯುತ್ತಿದ್ದರು. ನನ್ನ ಸೈಕಲ್ಲಿನಿಂದ ಸುಮ್ಮನೆ ಕಿತ್ತು ಡಬ್ಬಿಯಲ್ಲಿಟ್ಟಿದ್ದ ಹಳೆಯ ಬಾಟಮ್ ಬ್ರಾಕೆಟ್ ಅದೇ ಅಳತೆಯದು. ಗ್ರೀಸ್ ಹಚ್ಚಿ ಕೂರಿಸಿದೆ. ಸೈಕಲ್ ಒರೆಸಿ ವಾಪಸು ಕೊಟ್ಟು, ನನ್ನದನ್ನು ತಂದೆ. ಯಾರಿಗೂ ಏನೂ ಹೇಳಲಿಲ್ಲ.

ಮುಂದಿನ ಭಾನುವಾರ ಅಪ್ಸರಕೊಂಡದ ಏರಿನಲ್ಲಿ ಹೆಡ್ಮಾಸ್ಟರು ತಮ್ಮದೇ ಸೈಕಲ್ಲಿನಲ್ಲಿ ನನ್ನನ್ನು ಹಿಂದೆ ಹಾಕಿ ಹತ್ತಿದರು. ಟೈರಿನ ಸರಸರ ಬಿಟ್ಟರೆ ಬೇರೆ ಸದ್ದಿರಲಿಲ್ಲ. ಮೇಲೆ ನಿಂತು, ಕತ್ತು ವಾಲಿಸಿ ಕಿವಿಗೊಟ್ಟು, ನಾನು ಏದುಸಿರು ಬಿಡುತ್ತಾ ಬರುವುದನ್ನು ಕಾದರು. ಹಿಂದಿನ ಸಾಲುಗಳೂ ಬಂದು ನಿಂತವು. ವಕೀಲರು ನನ್ನನ್ನೇ ನೋಡುತ್ತಿದ್ದರು.

“ಅಂತೂ ನಿಮ್ಮ ಕಾಲು ಸಮಾ ಆತು” ಎಂದರು ಹೆಡ್ಮಾಸ್ಟರು.

“ಹೌದು ಸರ್” ಎಂದೆ.